ಕಂಬನ ತಲೆಗೆ ಚೆಂಡು

ಲಾಂಡ್ರಿ ಹಿಂದಿನ ಮನೆ,
ಹದಿನೇಳನೇ ತಾರೀಕು, ಭಾನುವಾರ.

ನನ್ನ ಮುದ್ದು ತಮ್ಮಾ,

ಕೊನೆಗೂ ಹೋಯ್ತು ಕಣೋ ಒಳಗೆ! ಎಂಬತ್ತೆಂಟನೇ ನಿಮಿಷ. ಬಲಗಡೆ ಗೆರೆಯಿಂದ ಎತ್ತಿ ಹಾಕಿದ ಚೆಂಡು, ನಮ್ಮ ಹೊಸ ಸ್ಟ್ರೈಕರ್ ಕಂಬನ ತಲೆ, ಗೋಲ್‌ಕೀಪರ್ ಬಸ್ಸು ತಪ್ಪಿದವನ ಹಾಗೆ ನಿಂತಲ್ಲೇ ನಿಂತ. ಎರಡು ಒಂದು. ನಿನ್ನ ಟೀಮು ಒಂಬತ್ತನೇ ಸ್ಥಾನ. ಹತ್ತನೇದಲ್ಲ, ಒಂಬತ್ತು! ಈ ವರ್ಷ ಧೂಳುಕೋಣೆಗೆ ಇಳಿಯೋನು ನೀನಲ್ಲ. ಕಂಪ್ಯೂಟರ್ ಮುಂದೆ ನಾನು ಎಷ್ಟು ಕುಣಿದೆ ಅಂದರೆ ಫೋರ್‌ಮನ್ನಿನ ಕುರ್ಚಿಯ ಒಂದು ಕಾಲು ಕಿತ್ತುಬಂತು. ಅದನ್ನ ಈಗ ಎರಡು ಸೋಪಿನ ಡಬ್ಬದ ಮೇಲೆ ಕೂರಿಸಿದೀವಿ.

ನೋಡು, ಆರೋಗ್ಯ ಕೇಳೋದು ಬಿಟ್ಟು ಗೋಲು ಹೇಳ್ತಾ ಕೂತೆ. ಹೇಗಿದೀಯಪ್ಪಾ? ಕೆಮ್ಮು ಇಳಿದಿದೆಯಾ? ಉಸಿರೆಳೆದು ಮೂರು ಬಣ್ಣದ ಗುಂಡು ಮೇಲೆತ್ತೋ ಆ ಪ್ಲಾಸ್ಟಿಕ್ ಡಬ್ಬಿ ಇದೆಯಲ್ಲ, ಈಗ ಎಷ್ಟು ಗುಂಡು ಏರುತ್ತೆ? ಹೋದ ಸಲ ನಾನು ಬಂದಾಗ ಒಂದೇ ಏರಿತ್ತು, ಅದೂ ನನ್ನ ಜೋಕಿಗೆ ಹೆದರಿ. ಪಕ್ಕದ ಮಂಚದ ಗೊರಕೆಯವರು ಇದಾರಾ, ಮನೆಗೆ ಹೋದರಾ? ಊಟ ಬಿಡಬೇಡ. ನರ್ಸಮ್ಮನ ಹತ್ತಿರ ಜಗಳ ಆಡಬೇಡ, ಸೂಜಿ ಇರೋದು ಅವರ ಕೈಯಲ್ಲಿ. ಇಲ್ಲಿ ನಾನು ಗುಂಡುಕಲ್ಲಿನ ಹಾಗೆ ಇದೀನಿ. ಮಾವನೂ ಇದಾನೆ. ಅವನ ವಿಷಯಕ್ಕೆ ಆಮೇಲೆ ಬರ್ತೀನಿ.

ನೀನು ಇಲ್ಲದಾಗ ಏನೇನಾಯ್ತು ಅನ್ನೋದನ್ನ ಶುರುವಿಂದ ಹೇಳ್ತೀನಿ, ಕಾಲು ಚಾಚಿಕೊಂಡು ಓದು. ನಿನ್ನನ್ನ ಆಂಬುಲೆನ್ಸಿಗೆ ಹತ್ತಿಸಿದ ಮಾರನೇ ದಿನ ಊಟದ ಹೊತ್ತಿಗೆ ಹತ್ತು ಜನರಲ್ಲಿ ಒಂಬತ್ತೇ ಜನ ಆಫೀಸು ಕೋಣೆಯಲ್ಲಿ ಸೇರಿದೆವು. ಫೋರ್‌ಮನ್ ಕಂಪ್ಯೂಟರಿನಲ್ಲಿ ನಮ್ಮ ಫುಟ್‌ಬಾಲ್ ಆಟ ತೆರೆದ. ಹತ್ತು ಆಟ ಮುಗಿದಿತ್ತು, ಇನ್ನು ಎಂಟು ಬಾಕಿ, ನೀನು ತಳದಲ್ಲಿ. ನಾನು ಮೆಲ್ಲಗೆ, ತಮ್ಮ ಆಸ್ಪತ್ರೆಯಲ್ಲಿದಾನಲ್ಲ ಸಾರ್, ಅವನ ಟೀಮನ್ನ ಪಟ್ಟಿಯಿಂದ ತೆಗೆದುಬಿಡಿ ಅಂದೆ. ಅವನು ಕನ್ನಡಕ ಕೂಡ ಎತ್ತಲಿಲ್ಲ. "ಅವನಿಗೆ ರಜೆ ಅಂದ್ರೆ ಟೀಮಿಗೂ ರಜೆನಾ? ಸೋತ್ರೆ ಬಂದ ದಿನವೇ ಪೊರಕೆ ಹಿಡೀಲಿ" ಅಂದ. ಹೊಲಿಗೆಯಕ್ಕ, ಅವಳೇ, ಹರಿದ ಚಾದರಕ್ಕೆ ತೇಪೆ ಹಾಕೋಳು, ಎರಡು ವರ್ಷದಿಂದ ಪಟ್ಟಿಯ ಮೊದಲನೇ ಸ್ಥಾನದಲ್ಲಿ ಕೂತವಳು, ಅವಳೊಬ್ಬಳೇ ಬಾಯಿಬಿಟ್ಟಳು. "ಸಾರ್, ಆ ಹುಡುಗನ ಎದೆ ಈಗಲೇ ಹರಿದ ಚೀಲ." ಅದಕ್ಕೆ ಫೋರ್‌ಮನ್, "ನೀವಿದೀರಲ್ಲಮ್ಮ, ಹೊಲೀರಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಕಣೋ. ಜೋಕು ಚೆನ್ನಾಗಿತ್ತು, ಏನು ಮಾಡಲಿ.

ಈ ಆಟ ಬರೋಕೆ ಮುಂಚೆ ಧೂಳುಕೋಣೆಗೆ ಯಾರನ್ನ ಕಳಿಸೋದು ಅಂತ ವಾರವಾರ ಹೊಡೆದಾಟ ಆಗ್ತಿತ್ತು, ನೆನಪಿದೆಯಾ? ಒಣಗಿಸೋ ಮಷಿನ್ನಿನ ಹಿಂದಿನ ಆ ತಗಡಿನ ಗೂಡು. ಊರಿನ ಆಸ್ಪತ್ರೆ ಹೋಟೆಲುಗಳ ಚಾದರದಿಂದ ಉದುರಿದ ಜುಂಗೆಲ್ಲ ಅಲ್ಲಿ ಮೊಣಕಾಲುದ್ದ ಬೀಳುತ್ತೆ, ಶನಿವಾರ ಶನಿವಾರ ಒಬ್ಬ ಒಳಗೆ ಹೋಗಿ ಮೂಟೆ ಕಟ್ಟಬೇಕು. ಯಾರೂ ಒಪ್ಪುತ್ತಿರಲಿಲ್ಲ. ಫುಟ್‌ಬಾಲ್ ಟೀಮು ನಡೆಸೋ ಆಟ ಬಂತು, ಹತ್ತು ಜನಕ್ಕೆ ಹತ್ತು ಟೀಮಿನ ಲೀಗ್ ಆಯ್ತು, ಕೊನೇ ಸ್ಥಾನದವನು ವರ್ಷಪೂರ್ತಿ ಹೋಗಲಿ ಅಂತಾಯ್ತು, ಎಲ್ಲರ ಬಾಯಿ ಬಂದ್. ಆಟದಲ್ಲಿ ಸೋತವನು ಜಗಳ ಆಡಲ್ಲ, ನಾಚಿಕೆಪಟ್ಟುಕೊಂಡು ಪೊರಕೆ ಎತ್ಕೋತಾನೆ. ನೀನು ಎರಡು ವರ್ಷ ಎತ್ಕೊಂಡೆ. ಮೂಗಿಗೆ ಟವೆಲ್ ಕಟ್ಟಿಕೊ ಅಂದರೆ ಶೆಖೆ ಅಂದೆ. ಈಗ ಗುಂಡು ಎತ್ತು.

ಕೊನೆಗೆ ಫೋರ್‌ಮನ್ ಒಂದು ದಯೆ ಮಾಡಿದ. "ಅಣ್ಣ ಬೇಕಾದ್ರೆ ತಮ್ಮನ ಟೀಮನ್ನ ನೋಡ್ಕೊಳ್ಲಿ. ಇಬ್ಬರಿಗೂ ಸೇರಿ ಇರೋದು ಒಂದೇ ತಲೆ ತಾನೆ" ಅಂದ. ನನ್ನ ಟೀಮು ಏಳನೇ ಸ್ಥಾನದಲ್ಲಿ ಹಾಯಾಗಿ ಮಲಗಿತ್ತು. ನಿನಗೂ ನನಗೂ ಇದ್ದ ಎರಡು ಆಟ ಮೊದಲೇ ಮುಗಿದಿತ್ತು, ಹಾಗಾಗಿ ಮೋಸ ಅಂತ ಕೂಗೋಕೆ ಯಾರಿಗೂ ಜಾಗ ಇರಲಿಲ್ಲ. ಸರಿ ಅಂತ ಕೂತೆ. ನಿನ್ನ ಆಟಗಾರರ ನಂಬರುಗಳನ್ನ ನೋಡಿದೆ. ಅಯ್ಯೋ ಮಾರಾಯ! ಪಾಸ್ ಕೊಡೋದರಲ್ಲಿ ಇಪ್ಪತ್ತಕ್ಕೆ ಆರು, ಐದು, ಏಳು. ಒಬ್ಬನಿಗೆ ನಾಲ್ಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಇದಕ್ಕಿಂತ ಜಾಸ್ತಿ ಮಾರ್ಕ್ಸ್ ಬರ್ತಿತ್ತು. ಇಂಥವರನ್ನ ಇಟ್ಟುಕೊಂಡು ನೀನು ಮಧ್ಯದಲ್ಲಿ ಚಿಕ್ಕ ಚಿಕ್ಕ ಪಾಸು, ಆಚೆಯಿಂದ ಈಚೆ, ಈಚೆಯಿಂದ ಆಚೆ, ಕಸೂತಿ ಹಾಕಿಸ್ತಿದ್ದೆ. ಮೂರನೇ ಪಾಸಿಗೆ ಚೆಂಡು ಎದುರಾಳಿಯ ಕಾಲಲ್ಲಿ. ನೀನು ನೋಡೋಕೆ ಚೆಂದದ ಆಟ ಆಡಿಸ್ತೀಯ ಕಣೋ, ಅದಕ್ಕೇ ಸೋಲ್ತೀಯ.

ನನಗೆ ಹೊಳೆದಿದ್ದು ಒದ್ದೆ ಗಂಟು ಎಸೆಯೋವಾಗ. ಚಾದರದ ಗಂಟನ್ನ ಐದು ಜನ ಕೈಯಿಂದ ಕೈಗೆ ದಾಟಿಸಿದರೆ ನಡುವೆ ಒಬ್ಬ ಪೆದ್ದ ಬೀಳಿಸೇ ಬೀಳಿಸ್ತಾನೆ. ಬದಿಗೆ ಹೋಗಿ ಒಬ್ಬನೇ ಎತ್ತಿ ಎಸೆದರೆ ನೆಟ್ಟಗೆ ಗಾಡಿಯೊಳಗೆ. ಮಾಡಬೇಕಾದ್ದು ಎರಡೇ ಕೆಲಸ, ತಪ್ಪೋಕೂ ಎರಡೇ ಜಾಗ. ಕೈಲಾಗದ ಟೀಮಿಗೆ ಇದೇ ಸರಿ ಅಂದ್ಕೊಂಡೆ. ನಡುವಿನ ಇಬ್ಬರನ್ನ ಕಿತ್ತು ಎರಡೂ ಬದಿಗೆ ಹಾಕಿದೆ, ಹಿಂದಿನ ಬದಿಯವರಿಗೆ, ಅದೇ ಬ್ಯಾಕುಗಳಿಗೆ, ನೀವೂ ಮುಂದಕ್ಕೆ ಓಡಿ ಅಂದೆ, ಚೆಂಡು ಸಿಕ್ಕಿದ ತಕ್ಷಣ ಕ್ರಾಸ್ ಹಾಕಿ, ಗೋಲಿನ ಮುಂದಕ್ಕೆ ಎತ್ತಿ ಎಸೆಯಿರಿ, ಯೋಚನೆ ಮಾಡಬೇಡಿ, ಯೋಚನೆ ನಿಮ್ಮ ಕೆಲಸ ಅಲ್ಲ. ಮೊದಲನೇ ಆಟ ನಾಲ್ಕು ಸೊನ್ನೆ. ನಮಗೆ ಸೊನ್ನೆ. ಮೂವತ್ತೊಂದು ಕ್ರಾಸು ಹಾಕಿದರು, ಒಂದಾದರೂ ನಮ್ಮವನ ತಲೆಗೆ ತಾಗಲಿಲ್ಲ. ಮುಂದೆ ನಿಂತಿದ್ದ ನಿನ್ನ ಸ್ಟ್ರೈಕರ್ ನನ್ನ ಭುಜಕ್ಕೂ ಬರೋನಲ್ಲ. ಹೊಲಿಗೆಯಕ್ಕ, "ಏನ್ರೀ, ಚೆಂಡನ್ನ ಮೇಲಕ್ಕೆ ಹಾಕಿ ಹಾಕಿ ಹಕ್ಕಿ ಹೊಡೀತಿದೀರಾ?" ಅಂದಳು. ಎರಡನೇ ಆಟ ಒಂದು ಸೊನ್ನೆ. ಅದೂ ನಮಗೆ ಸೊನ್ನೆ. ಹಿಂದೆ ಯಾರೂ ಇರಲಿಲ್ಲ, ಎಲ್ಲರೂ ಕ್ರಾಸ್ ಹಾಕೋಕೆ ಮೆರವಣಿಗೆ ಹೋಗಿದ್ದರು.

ಆಮೇಲೆ ಕಂಬ ಸಿಕ್ಕ. ಯಾವ ಟೀಮಿಗೂ ಬೇಡವಾದವರ ಪಟ್ಟಿಯಲ್ಲಿ ತೀರ ಕೆಳಗಿದ್ದ. ವಯಸ್ಸು ಮೂವತ್ತೈದು, ಓಟ ಇಪ್ಪತ್ತಕ್ಕೆ ಮೂರು, ಅಂದರೆ ಮಾವ ಬಚ್ಚಲಿಗೆ ಹೋಗೋ ವೇಗ. ಆದರೆ ತಲೆಯಲ್ಲಿ ಹೊಡೆಯೋದು ಹದಿನೇಳು, ನೆಗೆಯೋದು ಹದಿನಾರು. ಅವನ ನಿಜವಾದ ಹೆಸರು ಓದೋಕೆ ನನ್ನ ನಾಲಿಗೆ ತಿರುಗಲಿಲ್ಲ, ಕಂಬ ಅಂತಲೇ ಕರೆದೆ. ನಿನ್ನ ಆ ಗಿಡ್ಡ ಮುದ್ದಿನವನು, ಎರಡು ವರ್ಷದಿಂದ ಸಾಕಿ ಬೆಳೆಸಿದವನು, ದೊಡ್ಡವನಾಗ್ತಾನೆ ಅಂತ ಎಲ್ಲರಿಗೂ ಹೇಳ್ತಿದ್ದೆಯಲ್ಲ, ಅವನನ್ನ ಕಿತ್ತು ಹಾಕಿದೆ. ಬೆಂಚಿನ ಮೇಲೂ ಇಡಲಿಲ್ಲ. ಮುಖ ಊದಿಸ್ಕೋಬೇಡ. ಬದಿಯವರಿಗೆ ದೂರದಿಂದ ಎಸೆಯಬೇಡಿ, ಗೆರೆ ಮುಗಿಯೋವರೆಗೂ ಓಡಿ ಆಮೇಲೆ ಹಾಕಿ ಅಂತ ಬದಲಾಯಿಸಿದೆ. ದೂರದಿಂದ ಹಾಕಿದ್ದು ಗೋಲ್‌ಕೀಪರ್ ಕೈಗೆ ಹೋಗ್ತಿತ್ತು, ಗೆರೆ ಹತ್ತಿರದಿಂದ ಹಾಕಿದರೆ ಅವನು ಬರಲೋ ನಿಲ್ಲಲೋ ಅಂತ ಒದ್ದಾಡ್ತಾನೆ. ಒಂದು ಕಡೆಯ ಬ್ಯಾಕ್ ಮೇಲೆ ಹೋದರೆ ಇನ್ನೊಂದು ಕಡೆಯವನು ಮನೆ ಕಾಯಬೇಕು. ಕಂಬ ನಡುವೆ ನಿಲ್ಲಬೇಕು, ಅವನ ತಲೆಯಿಂದ ಜಾರಿದ್ದನ್ನ ಹೆಕ್ಕೋಕೆ ಗೋಲಿನ ಆಚೆ ತುದಿಯಲ್ಲಿ ಇನ್ನೊಬ್ಬ. ಇಷ್ಟೇ. ಇದನ್ನ ಕಟ್ಟೋಕೆ ಎರಡು ವಾರ ಊಟ ಬಿಟ್ಟೆ, ಗೊತ್ತಾ?

ಗೆದ್ದೆವು, ಸಮ ಮಾಡಿದೆವು, ಮತ್ತೆ ಗೆದ್ದೆವು. ಒಂದು ಸೋತೆವು, ಅದು ಹೊಲಿಗೆಯಕ್ಕನ ಕೈಲಿ, ಅವಳಿಗೆ ಸೋತರೆ ಅದು ಸೋಲಲ್ಲ. ಇನ್ನೊಂದು ಸಮ. ಕೊನೇ ಆಟ ಒಂದು ಉಳೀತು. ನಿನಗಿಂತ ಒಂದೇ ಒಂದು ಪಾಯಿಂಟು ಮೇಲಿದ್ದವನು ಮಾವ. ಕೊನೇ ಆಟ ಇದ್ದಿದ್ದೂ ಮಾವನ ಮೇಲೆ. ನಾವು ಗೆದ್ದರೆ ಮಾವ ತಳಕ್ಕೆ, ಇಲ್ಲವಾದರೆ ನೀನು. ಇಡೀ ಲಾಂಡ್ರಿ ವಾರವೆಲ್ಲ ಅದನ್ನೇ ಅಗಿದು ನುಂಗಿತು. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಎತ್ತಿ ಸಾಕಿದ ಸೋದರಮಾವ, ಅದೇ ಇಸ್ತ್ರಿ ಮೇಜಿನ ಕೆಳಗೆ ನಿನ್ನನ್ನ ಮಲಗಿಸಿ ಕೆಲಸ ಮಾಡಿದವನು. ಇತ್ತ ಅವನು, ಅತ್ತ ನೀನು. "ಸೀಟಿ ಊದೋ ಮುಂಚೆ ಮಾವ ಅಳಿಯನ ಕಾಲಿಗೆ ಬೀಳ್ತಾನೋ, ಅಳಿಯ ಮಾವನ ಕಾಲಿಗೋ?" ಅಂತ ಬಾಯ್ಲರಿನವನು ಕೇಳಿದ. ಇಬ್ಬರೂ ನಿನ್ನ ಕಾಲಿಗೆ ಬೀಳ್ತೀವಿ, ಉಗುರು ಕತ್ತರಿಸಿರು ಅಂದೆ.

ಮಾವನಿಗೆ ಈಗ ಕಣ್ಣಿನಲ್ಲಿ ಪೊರೆ ಜಾಸ್ತಿಯಾಗಿದೆ. ಪರದೆ ಮೇಲಿನ ನಂಬರು ಕಾಣಲ್ಲ. ಅವನ ಟೀಮಿಗೂ ಮೌಸ್ ಒತ್ತೋ ಬೆರಳು ನಂದೇ. ಗುರುವಾರ ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದ ಮೇಲೆ ಕೈ ತೊಳೆಯೋ ತೊಟ್ಟಿ ಹತ್ತಿರ ನನ್ನ ತೋಳು ಹಿಡಿದ. "ಲೋ, ನನ್ನ ಬದಿಯ ಬ್ಯಾಕುಗಳಿಬ್ಬರನ್ನೂ ನಡುವಕ್ಕೆ ಎಳೆದುಬಿಡು" ಅಂದ. ನಾನು ಅರ್ಥವಾಗದವನ ಹಾಗೆ, ಮಾವಾ ಹಾಗೆ ಮಾಡಿದ್ರೆ ಎರಡೂ ಬದಿ ಬಾಗಿಲು ತೆರೆದ ಹಾಗೆ, ಕ್ರಾಸು ಸುರಿಮಳೆ ಆಗುತ್ತೆ ಅಂದೆ. "ಗೊತ್ತು ಕಣಯ್ಯಾ. ಅದಕ್ಕೇ ಹೇಳ್ತಿರೋದು. ಹುಡುಗ ವಾಪಸ್ ಬಂದು ಆ ಗೂಡಿಗೆ ಇಳಿದ್ರೆ ಮತ್ತೆ ಎದ್ದು ಬರಲ್ಲ. ನನಗಿರೋದು ಇನ್ನೆರಡು ವರ್ಷ ಕೆಲಸ, ನನ್ನ ಎದೆ ಹಳೇ ಕಬ್ಬಿಣ, ತುಕ್ಕು ಹಿಡಿದ್ರೂ ಹರಿಯಲ್ಲ. ಯಾರಿಗೂ ಹೇಳಬೇಡ. ಅವನಿಗಂತೂ ಮೊದಲೇ ಬೇಡ, ಮರ್ಯಾದೆ ಅಂತ ಕುಣಿತಾನೆ." ನನ್ನ ಬಾಯಲ್ಲಿ ಏನೂ ನಿಲ್ಲಲ್ಲ ಅಂತ ನಿನಗೆ ಗೊತ್ತಲ್ಲ, ಹೇಳಿಬಿಟ್ಟೆ. ಹೋಗಿ ಎಳೆದೆ ಇಬ್ಬರನ್ನೂ ನಡುವಕ್ಕೆ. ಎರಡು ಸಲ ಒತ್ತಿದೆ, ಅಷ್ಟೇ ಕೆಲಸ.

ಶುಕ್ರವಾರ ಆಟ. ಎಲ್ಲರೂ ತಟ್ಟೆ ಹಿಡಿದುಕೊಂಡೇ ನಿಂತಿದ್ದರು. ಬದಿ ತೆರೆದಿಟ್ಟರೂ ನಮ್ಮ ಕತ್ತೆಗಳಿಗೆ ಹೊಡೆಯೋಕೆ ಬರಬೇಡವಾ! ಮೊದಲ ಗೋಲು ನಮ್ಮದು, ಕಂಬನ ತಲೆಯಿಂದ ಜಾರಿದ್ದು, ಗೋಲಿನ ಆಚೆ ತುದಿಯವನು ಮಂಡಿಯಿಂದ ತಳ್ಳಿದ. ಆಮೇಲೆ ಮಾವನ ಟೀಮಿನ ಯಾವನೋ ಒಬ್ಬ, ಯಾರೂ ಹೇಳದಿದ್ದರೂ, ಮೂವತ್ತು ಗಜದಿಂದ ಒದ್ದ, ಒಳಗೆ ಹೋಯ್ತು. ಒಂದು ಒಂದು. ಮಾವನ ಮುಖ ನೋಡಬೇಕಿತ್ತು, ಸ್ವಂತ ಟೀಮು ಗೋಲು ಹೊಡೆದಿದ್ದಕ್ಕೆ ಯಾರ ಮುಖವೂ ಹಾಗೆ ಬಿಳಿಚಿಕೊಂಡಿದ್ದನ್ನ ನಾನು ನೋಡಿಲ್ಲ. ಎರಡು ನಿಮಿಷಕ್ಕೊಂದು ಸಲ "ಎಷ್ಟಾಯ್ತು, ಎಷ್ಟಾಯ್ತು" ಅಂತ ನನ್ನ ಬೆನ್ನು ಚುಚ್ಚುತ್ತಿದ್ದ. ಎಪ್ಪತ್ತು, ಎಂಬತ್ತು, ಎಂಬತ್ತೈದು. ಎಂಬತ್ತೆಂಟಕ್ಕೆ ಕಂಬ ನೆಗೆದ. ಮುಗೀತು.

ಆಮೇಲೆ ಶುರುವಾಯ್ತು ನೋಡು. "ಮುದುಕನಿಗೆ ಬದಿ ಇದೆ ಅನ್ನೋದೇ ಕಾಣಲ್ಲ!" "ಬಾಗಿಲು ತೆಗೆದಿಟ್ಟು ಮಲಗಿದಾನೆ!" ಬಾಯ್ಲರಿನವನು ಮಾವನ ಕನ್ನಡಕ ಕಿತ್ತು ತಾನು ಹಾಕ್ಕೊಂಡು ಗೋಡೆಗೆ ಢಿಕ್ಕಿ ಹೊಡೆದು ತೋರಿಸಿದ. ಹೊಲಿಗೆಯಕ್ಕ ಮಾತ್ರ ನಗಲಿಲ್ಲ, ಪರದೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ಆಟ ಗೊತ್ತು. ಅವಳು ಬಾಯಿ ತೆರೆಯೋಕೆ ಮುಂಚೆ ನಾನೇ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದೆ. "ಮಾವಾ, ಮುಂದಿನ ವರ್ಷ ನಿನ್ನ ಟೀಮಿಗೊಂದು ನಾಯಿ ಕೊಡಿಸ್ತೀನಿ, ದಾರಿ ತೋರಿಸೋಕೆ." ಕೋಣೆ ಒಡೆದು ಹೋಗೋ ಹಾಗೆ ನಕ್ಕರು. ಮಾವ ತಲೆ ಆಡಿಸಿ ತಾನೂ ನಕ್ಕ. ಒಳ್ಳೇ ಆಟಗಾರ ಕಣೋ ಮಾವ, ಆಟ ಬಿಟ್ಟು ಬೇರೆಲ್ಲದರಲ್ಲೂ.

ನಿನ್ನೆ ಶನಿವಾರ. ಟವೆಲ್ ಎರಡು ಸುತ್ತು ಕಟ್ಟಿ ನಾನೇ ಒಳಗೆ ಬಿಟ್ಟೆ. ಬಾಗಿಲು ಚಿಕ್ಕದಲ್ಲವಾ, ಮಾವ ಮಂಡಿಯೂರಿ ಹೋದ. ಒಳಗೆ ನಿಲ್ಲೋಕಾಗಲ್ಲ, ಬಗ್ಗಿಕೊಂಡೇ ಗೋರಬೇಕು. ಮಷಿನ್ನಿನ ಬಿಸಿ ಇನ್ನೂ ಆರಿರಲಿಲ್ಲ. ಜುಂಗು ಬಿದ್ದಲ್ಲಿಂದ ಎದ್ದು ಹಾರೋದು, ಹಾರಿ ಮತ್ತೆ ಅಲ್ಲೇ ಬೀಳೋದು. ನಾಲ್ಕು ಮೂಟೆ ಹೊರಗೆ ಬಂತು. ಐದನೇದಕ್ಕೆ ತಡವಾಯ್ತು. ಕೈ ಹಾಕಿ ಎಳೆದೆ, ಮೂಟೆ ಬದಲು ಮಾವನ ಕಾಲು ಸಿಕ್ಕಿತು. ಹೊರಗೆ ಬಂದಾಗ ಹುಬ್ಬು, ಕಿವಿಯ ಕೂದಲು, ಎಲ್ಲ ಬಿಳಿ. ಕನ್ನಡಕದ ಎರಡು ಗಾಜೂ ಎರಡು ಬಿಳೀ ಬಿಲ್ಲೆ. "ಏನ್ ಮಾವಾ, ಹೆಣ್ಣು ನೋಡೋಕೆ ಪೌಡರ್ ಬಳ್ಕೊಂಡು ಹೊರಟೆಯಾ?" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾವನೂ ನಗೋಕೆ ಬಾಯಿ ತೆರೆದ, ನಗುವಿನ ಬದಲು ಕೆಮ್ಮು ಬಂತು. ಬಂದಿದ್ದು ಬೇಗ ಹೋಗಲಿಲ್ಲ. ಮೊದಲ ವಾರ ಎಲ್ಲರಿಗೂ ಹಾಗೇ, ನಿನಗೂ ಹಾಗೇ ಅಲ್ವಾ ಶುರುವಾಗಿದ್ದು.

ಹಾಗಾಗಿ ನೀನು ಏನೂ ಯೋಚನೆ ಮಾಡದೆ ಉಸಿರೆಳೀ, ಗುಂಡು ಏರಿಸು. ಪಕ್ಕದ ಮಂಚದವರಿಗೆ ನನ್ನ ನಮಸ್ಕಾರ ಹೇಳು, ನರ್ಸಮ್ಮನಿಗೆ ಎರಡು ನಮಸ್ಕಾರ. ಹೊಲಿಗೆಯಕ್ಕ ನಿನ್ನ ದಿಂಬಿಗೆ ಕವರು ಹೊಲಿದು ಕೊಟ್ಟಿದಾಳೆ, ಮುಂದಿನ ಸಲ ತರ್ತೀನಿ. ಮಾವ ನಿನ್ನ ತಲೆ ಸವರಿದೀನಿ ಅಂತ ಬರಿ ಅಂದ, ಬರೆದಿದೀನಿ, ಸವರಿಸ್ಕೋ. ಬೇಗ ಗಟ್ಟಿಯಾಗು ಅಂತ ಹರಸೋ,

ನಿನ್ನ ಕೋಡಂಗಿ ಅಣ್ಣ.

ಮತ್ತೆ, ಬೇಗ ಬೇಗ ಬರೀತೀನಿ, ಮಾವ ಒಳಗೆ ತಟ್ಟೆ ಇಡ್ತಿರೋ ಸದ್ದು ಕೇಳ್ತಿದೆ. ಬುಧವಾರ ನಿಮ್ಮ ಆಸ್ಪತ್ರೆಯಿಂದ ಮನೆಗೊಂದು ಕಾಗದ ಬಂತು, ಫೋರ್‌ಮನ್ನಿಗೆ ಕೊಡಬೇಕಾದ್ದು. ನಾನು ಒಡೆದು ಓದಿದೆ. ನಿನ್ನ ಬಲಗಡೆಯ ಶ್ವಾಸಕೋಶ ಮತ್ತೆ ಹಿಗ್ಗಲ್ಲವಂತೆ, ನಿನ್ನನ್ನ ಇನ್ಯಾವತ್ತೂ ಲಾಂಡ್ರಿ ಕೆಲಸಕ್ಕೆ ತಗೋಬಾರದಂತೆ. ಡಾಕ್ಟರು ನಿನಗೆ ಹೇಳಿದಾರೋ ಇಲ್ವೋ ಗೊತ್ತಿಲ್ಲ, ಹೇಳಿಲ್ಲ ಅಂದ್ರೆ ನನ್ನಿಂದ ಗೊತ್ತಾಯ್ತು ಅಂದ್ಕೋ. ನಮ್ಮಲ್ಲಿ ರೂಢಿ ಗೊತ್ತಲ್ಲ, ಬಿಟ್ಟು ಹೋದವನ ಪಾಲಿನ ಕೆಲಸ ಅವನನ್ನ ಕೆಲಸಕ್ಕೆ ಕರ್ಕೊಂಡು ಬಂದವನ ತಲೆಗೆ. ನಿನ್ನನ್ನ ಕರ್ಕೊಂಡು ಬಂದಿದ್ದು ನಾನು. ನೀನು ತಳದಲ್ಲಿ ಉಳಿದಿದ್ದರೆ ಆ ಗೂಡಿಗೆ ನಾನು ಇಳೀಬೇಕಿತ್ತು. ಕಾಗದ ಜೇಬಿಗೆ ಹಾಕ್ಕೊಂಡೆ. ಗುರುವಾರ ಮಾವ ತೋಳು ಹಿಡಿದಾಗಲೂ ಅದು ಜೇಬಲ್ಲೇ ಇತ್ತು. ಹುಡುಗ ಬರಲ್ಲ ಮಾವಾ, ಇಳಿಯೋದು ನಾನು, ನನಗೋಸ್ಕರ ಸೋಲ್ತೀಯಾ ಅಂತ ಕೇಳಬಹುದಿತ್ತು. ಸೋಲ್ತಿದ್ದನೋ ಏನೋ. ಇಲ್ಲ ಅಂದುಬಿಟ್ಟರೆ ಅಂತ ಕೇಳಲಿಲ್ಲ.

ಈಗ ನಿನ್ನಿಂದ ಆಗಬೇಕಾದ್ದು ಒಂದೇ. ಮಾವನಿಗೆ ನೀನು ಕಾಗದ ಬರೆಯೋವಾಗ, ಇನ್ನು ನಾಲ್ಕೈದು ತಿಂಗಳಲ್ಲಿ ಬಂದು ಕೆಲಸಕ್ಕೆ ಸೇರ್ತೀನಿ ಅಂತಲೇ ಬರಿ. ನಾನೇ ಓದಿ ಹೇಳೋದಾದರೆ ಹೇಗೋ ಸುಧಾರಿಸ್ತೀನಿ, ಆದರೆ ಈಗೀಗ ಅವನು ಹೊಲಿಗೆಯಕ್ಕನ ಕೈಲೂ ಓದಿಸ್ಕೋತಾನೆ. ಮರೀಬೇಡ. ಸೇರ್ತೀನಿ ಅಂತ ಬರಿ, ಗುಂಡು ಎರಡು ಏರ್ತಿದೆ ಅಂತ ಬರಿ, ಇನ್ನೂ

ಕರೀತಿದಾನೆ. "ಬಾರೋ ಮಗಾ, ಆರಿ ಹೋಗುತ್ತೆ, ನೀನು ಬರದೆ ನಾನು ಕೂರಲ್ಲ" ಅಂತಿದಾನೆ, ಮಧ್ಯೆ ಎರಡು ಸಲ ನಿಲ್ಲಿಸಿ ಉಸಿರು ತಗೊಂಡು. ಹೊರಟೆ.